ಆಡಲು ಆಟವೇ ಇಲ್ಲದ ಆಟಿಕೆ

ಜ್ಯೇಷ್ಠ ಮಾಸದಲ್ಲಿ ಪೂರ್ತಿ ಬೆಲೆ ಕೊಟ್ಟು ಒಂದು ಸೀರೆ ತಂದಿದ್ದೀರಿ. ಆಷಾಢ ಕಾಲಿಟ್ಟಿತು. ಅದೇ ಅಂಗಡಿ, ಅದೇ ಗಾಜಿನ ಕಪಾಟು, ಅದೇ ಸೀರೆ. ಮೇಲೆ ಮಾತ್ರ 'ಶೇಕಡ 40 ರಿಯಾಯಿತಿ' ಎಂಬ ಕೆಂಪು ಚೀಟಿ. ಸೀರೆಯ ಅಂಚು ಎಷ್ಟೇ ಚೆಂದವಿರಲಿ, ಇನ್ನು ಅದನ್ನು ಉಟ್ಟಾಗಲೆಲ್ಲ ಆ ಚೀಟಿ ನೆನಪಾಗದೆ ಇರದು. ಸೀರೆ ಕೆಟ್ಟದ್ದೆಂದಲ್ಲ, ಅಂಗಡಿಯವನು ನಮ್ಮ ಅವಸರಕ್ಕೆ ದಂಡ ಹಾಕಿದ ಎಂಬ ಉರಿ.

2011ರ ಜುಲೈ 28ರಂದು ಇಂಥದೇ ಚೀಟಿ ಅಂಟಿಸಬೇಕಾಗಿ ಬಂದದ್ದು ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪೆನಿಗೆ. (ನಮ್ಮ ಪಂಚಾಂಗದಲ್ಲೂ ಅದು ಆಷಾಢವೇ ಆಗಿತ್ತೆಂಬುದು ಕಾಕತಾಳೀಯ.) ಕೈಯಲ್ಲಿ ಹಿಡಿದು ಆಡುವ '3ಡಿಎಸ್' ಎಂಬ ವಿಡಿಯೊ ಗೇಮ್ ಯಂತ್ರವನ್ನು ಅದು ಆ ವರ್ಷದ ಫೆಬ್ರುವರಿ 26ರಂದು ಜಪಾನಿನಲ್ಲಿ 25 ಸಾವಿರ ಯೆನ್‌ಗೆ ಬಿಡುಗಡೆ ಮಾಡಿತ್ತು. ಆಗಿನ ಲೆಕ್ಕದಲ್ಲಿ ನಮ್ಮ ಹದಿಮೂರು ಸಾವಿರ ರೂಪಾಯಿಗೂ ಮೇಲೆ. ಆಗಸ್ಟ್ 11ರಿಂದ ಅದರ ಬೆಲೆ 15 ಸಾವಿರ ಯೆನ್ ಎಂದು ಕಂಪೆನಿ ಸಾರಿತು. ಅಮೆರಿಕದಲ್ಲಿ ಮಾರ್ಚ್ 27ರಂದು 249.99 ಡಾಲರಿಗೆ ಅಂಗಡಿ ಸೇರಿದ್ದ ಯಂತ್ರ ಆಗಸ್ಟ್ 12ರಿಂದ 169.99 ಡಾಲರಿಗೆ ಇಳಿಯಿತು. ಬಿಡುಗಡೆಯಾಗಿ ಆರು ತಿಂಗಳೂ ತುಂಬಿರಲಿಲ್ಲ.

ಕಂಪೆನಿಯ ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಉಳಿದ ನಿರ್ದೇಶಕರ ಸಂಬಳವೂ ಶೇಕಡ 20ರಿಂದ 30ರಷ್ಟು ಕಡಿತಗೊಂಡಿತು. ಒಂದು ಆಟಿಕೆಯ ಬೆಲೆಯನ್ನು ತಪ್ಪಾಗಿ ನಿಗದಿ ಮಾಡಿದ್ದಕ್ಕೆ ಇಷ್ಟು ದೊಡ್ಡ ಪ್ರಾಯಶ್ಚಿತ್ತವೇ ಎಂದು ಕೇಳಬಹುದು. ಆದರೆ ತಪ್ಪಿದ್ದು ಬೆಲೆ ಒಂದೇ ಆಗಿರಲಿಲ್ಲ. ಆ ಬೆಲೆ ಕೊಟ್ಟು ಯಂತ್ರವನ್ನು ಮನೆಗೆ ಒಯ್ದವನಿಗೆ ಅದರಲ್ಲಿ ಆಡಲು ಏನಿತ್ತು ಎಂಬುದು ಇನ್ನೂ ದೊಡ್ಡ ಪ್ರಶ್ನೆಯಾಗಿತ್ತು.

ಒಲೆಯಲ್ಲ, ಅಡುಗೆ

ವಿಡಿಯೊ ಗೇಮ್ ವ್ಯಾಪಾರದ ಗುಟ್ಟು ಹೊರಗಿನವರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ಯಂತ್ರದಲ್ಲಿ ಲಾಭ ತೀರ ಕಡಿಮೆ, ಕೆಲವೊಮ್ಮೆ ನಷ್ಟವೇ. ದುಡ್ಡು ಬರುವುದು ಆಮೇಲೆ ಮಾರುವ ಆಟಗಳಿಂದ. ಕಂಪೆನಿ ತಾನೇ ಮಾಡಿದ ಆಟವಾದರೆ ಲಾಭವೆಲ್ಲ ಅದರದೇ. ಹೊರಗಿನ ಕಂಪೆನಿ ಮಾಡಿದ ಆಟವಾದರೂ ಪ್ರತಿ ಪ್ರತಿಯ ಮೇಲೆ ಯಂತ್ರದ ಒಡೆಯನಿಗೆ ಇಂತಿಷ್ಟು ಕಾಣಿಕೆ ಸಲ್ಲಬೇಕು. ಆದ್ದರಿಂದ ಯಂತ್ರ ಮೊದಲು ಲಕ್ಷಾಂತರ ಮನೆ ಸೇರಬೇಕು.

ಇಲ್ಲೇ ಇರುವುದು ಗಂಟು. ಯಂತ್ರ ಮನೆಮನೆಯಲ್ಲಿ ಇದ್ದರೆ ತಾನೇ ಹೊರಗಿನ ಕಂಪೆನಿಗಳು ಅದಕ್ಕೆ ಆಟ ಮಾಡುವುದು? ಆಟಗಳಿದ್ದರೆ ತಾನೇ ಜನ ಯಂತ್ರ ಕೊಳ್ಳುವುದು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ. ಈ ಗಂಟನ್ನು ಬಿಡಿಸಲು ಯಂತ್ರ ಮಾಡುವವನ ಕೈಯಲ್ಲಿ ಎರಡೇ ಎಳೆ ಇವೆ: ಮೊದಲ ದಿನದ ಬೆಲೆ ಮತ್ತು ಮೊದಲ ಕೆಲವು ತಿಂಗಳ ಆಟಗಳ ಪಟ್ಟಿ. ಒಂದನ್ನು ಎಳೆದಾಗ ಇನ್ನೊಂದು ಸಡಿಲವಾಗಬಾರದು.

ಟಿ.ವಿ.ಗೆ ಜೋಡಿಸುವ ದೊಡ್ಡ ಯಂತ್ರಗಳಿಗಿಂತ ಕೈಯಂತ್ರಗಳಿಗೆ ಈ ಪರೀಕ್ಷೆ ಕಠಿಣ. ಅವನ್ನು ಹೆಚ್ಚಾಗಿ ಕೊಳ್ಳುವುದು ಮಕ್ಕಳಿಗಾಗಿ. ದುಡ್ಡು ಕೊಡುವವರು ಅಪ್ಪ ಅಮ್ಮ, ಆಡುವವರು ಮಕ್ಕಳು. ಅಪ್ಪನ ಜೇಬು ಒಪ್ಪುವ ಬೆಲೆ, ಮಗನ ಮನಸ್ಸು ಒಪ್ಪುವ ಆಟ, ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕು.

ಈ ಪಾಠವನ್ನು ಜಗತ್ತಿಗೆ ಕಲಿಸಿದ್ದೇ ನಿಂಟೆಂಡೊ. 2011ರ ಪ್ರಸಂಗ ಅಷ್ಟೊಂದು ಕುತೂಹಲಕರವಾಗಿರುವುದು ಅದಕ್ಕೇ.

ಹಸಿರು ಪರದೆಯ ಜಾಣತನ

1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸುತ್ತಾ ಹುಟ್ಟಿದ ಈ ಕಂಪೆನಿ ಸರಿಯಾಗಿ ನೂರು ವರ್ಷದ ಬಳಿಕ, 1989ರ ಏಪ್ರಿಲ್ 21ರಂದು, ಜಪಾನಿನಲ್ಲಿ 'ಗೇಮ್ ಬಾಯ್' ಬಿಡುಗಡೆ ಮಾಡಿತು. ಬೆಲೆ 12,500 ಯೆನ್. ಅದರ ಹಿಂದಿದ್ದವರು ಗುಂಪೇ ಯೊಕೊಯಿ ಎಂಬ ಎಂಜಿನಿಯರ್. ಹಳೆಯದಾಗಿ, ಅಗ್ಗವಾಗಿ, ಎಲ್ಲರಿಗೂ ಪಳಗಿಹೋದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕು ಎಂಬುದು ಯೊಕೊಯಿ ಅವರ ಸಿದ್ಧಾಂತ. ಹಾಗಾಗಿ ಗೇಮ್ ಬಾಯ್‌ಗೆ ಬಣ್ಣದ ಪರದೆ ಇರಲಿಲ್ಲ. ಪರದೆಯ ಹಿಂದೆ ಬೆಳಕೂ ಇರಲಿಲ್ಲ. ಪಾಚಿ ಹಸಿರಿನ ಮೇಲೆ ನಾಲ್ಕು ಛಾಯೆ, ಅಷ್ಟೆ.

ಅದೇ ವರ್ಷ ಅಮೆರಿಕದಲ್ಲಿ ಅಟಾರಿ ಕಂಪೆನಿ 'ಲಿಂಕ್ಸ್' ತಂದಿತು. ಬಣ್ಣದ ಪರದೆ, ಒಳಗೆ ಬೆಳಕು, ಕಣ್ಣಿಗೆ ಹಬ್ಬ. ಬೆಲೆ ಸುಮಾರು 180 ಡಾಲರ್. ಗೇಮ್ ಬಾಯ್ ಅಲ್ಲಿ 90 ಡಾಲರಿಗೆ ಸಿಗುತ್ತಿತ್ತು. ಲಿಂಕ್ಸ್ ಆರು ಪೆನ್‌ಸೆಲ್‌ಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗಿ ನೀರು ಕುಡಿಯುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹದಿನೈದು ಗಂಟೆಗೂ ಮೇಲೆ ಓಡುತ್ತಿತ್ತು. ಮುಂದಿನ ವರ್ಷ ಸೆಗಾ ಕಂಪೆನಿಯ 'ಗೇಮ್ ಗಿಯರ್' ಬಂತು. ಅದಕ್ಕೂ ಬಣ್ಣವಿತ್ತು, ಅದಕ್ಕೂ ಆರು ಸೆಲ್ಲಿನ ಹಸಿವಿತ್ತು. ಯಂತ್ರದ ಬೆಲೆ ಎಂದರೆ ಅಂಗಡಿಯ ಚೀಟಿಯಲ್ಲಿರುವ ಅಂಕಿ ಮಾತ್ರವಲ್ಲ, ತಿಂಗಳು ತಿಂಗಳು ಸೆಲ್ಲಿಗೆ ಸುರಿಯುವ ದುಡ್ಡೂ ಬೆಲೆಯೇ ಎಂಬುದನ್ನು ಮಕ್ಕಳಿಗಿಂತ ಚೆನ್ನಾಗಿ ಅವರ ಅಪ್ಪಂದಿರು ಬಲ್ಲರು.

ಇನ್ನು ಆಟ. ಜಪಾನಿನಲ್ಲಿ ಮೊದಲ ದಿನ ಗೇಮ್ ಬಾಯ್ ಜೊತೆ ಮಾರಾಟಕ್ಕಿದ್ದದ್ದು ನಾಲ್ಕೇ ಆಟ. ಅವುಗಳಲ್ಲಿ ಒಂದು ಮಾರಿಯೊ ಎಂಬ ಮೀಸೆಯ ಕೊಳಾಯಿ ರಿಪೇರಿಗಾರನ 'ಸೂಪರ್ ಮಾರಿಯೊ ಲ್ಯಾಂಡ್'. ಅಮೆರಿಕದಲ್ಲಿ ಪೆಟ್ಟಿಗೆಯೊಳಗೇ ಒಂದು ಆಟವನ್ನು ಉಚಿತವಾಗಿ ಇಡಬೇಕೆಂದಾಗ ಮಾರಿಯೊನನ್ನೇ ಇಡುವುದು ಸಹಜವಾಗಿತ್ತು. ಆಗ ಹೆಂಕ್ ರಾಜರ್ಸ್ ಎಂಬ ವ್ಯಾಪಾರಿ ನಿಂಟೆಂಡೊದ ಅಮೆರಿಕ ಶಾಖೆಯ ಮುಖ್ಯಸ್ಥ ಮಿನೊರು ಅರಕಾವಾ ಅವರಿಗೆ ಬೇರೆಯೇ ಸಲಹೆ ಕೊಟ್ಟರು. ಗಂಡು ಹುಡುಗರು ಮಾತ್ರ ಕೊಂಡರೆ ಸಾಕು ಎಂದಾದರೆ ಮಾರಿಯೊನನ್ನು ಇಡಿ. ಅವರ ಅಪ್ಪ, ಅಮ್ಮ, ಅಕ್ಕ ಎಲ್ಲರೂ ಕೊಳ್ಳಬೇಕಾದರೆ 'ಟೆಟ್ರಿಸ್' ಇಡಿ ಎಂಬುದು ಅವರ ಮಾತಿನ ಸಾರ.

ಟೆಟ್ರಿಸ್ ಎಂದರೆ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಂದಿಲ್ಲದಂತೆ ಜೋಡಿಸುವ ಆಟ. ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ರೂಪಿಸಿದ್ದು. 1990ರ ದಶಕದಲ್ಲಿ ನಮ್ಮ ಜಾತ್ರೆ ಅಂಗಡಿಗಳಲ್ಲೂ ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರುಗಳಲ್ಲೂ 'ಬ್ರಿಕ್ ಗೇಮ್' ಎಂಬ ಹೆಸರಿನಲ್ಲಿ ಸಿಗುತ್ತಿದ್ದ, 9999 ಆಟಗಳಿವೆ ಎಂದು ಕೊಚ್ಚಿಕೊಳ್ಳುತ್ತಿದ್ದ ಚೀನಾ ಯಂತ್ರ ನೆನಪಿದೆಯಲ್ಲ? ಅದರ ಜೀವಾಳ ಇದೇ ಆಟ. ಅಜ್ಜಿಯಿಂದ ಮೊಮ್ಮಗಳವರೆಗೆ ಯಾರಿಗೂ ಕಲಿಸಿಕೊಡಬೇಕಾಗಿರಲಿಲ್ಲ. ರಾಜರ್ಸ್ 1989ರ ಫೆಬ್ರುವರಿಯಲ್ಲಿ ಮಾಸ್ಕೋಗೆ ಹಾರಿ, ಸೋವಿಯತ್ ಸರ್ಕಾರದ ಕಚೇರಿಯ ಬಾಗಿಲು ತಟ್ಟಿ, ಕೈಯಂತ್ರಗಳ ಹಕ್ಕನ್ನು ಪಡೆದುಕೊಂಡು ಬಂದ ಕಥೆಯೇ ಒಂದು ಪತ್ತೇದಾರಿ ಕಾದಂಬರಿಗಾಗುವಷ್ಟಿದೆ.

ಅರಕಾವಾ ಮಾತು ಕೇಳಿದರು. ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಸೇರಿ ಕೊನೆಗೆ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಬಣ್ಣವಿದ್ದ ಎದುರಾಳಿಗಳು ಯಾವ ಮೂಲೆ ಸೇರಿದರೋ! ಅರ್ಧ ಬೆಲೆ, ಒಂದೇ ಒಂದು ಸರಿಯಾದ ಆಟ. ಯಂತ್ರದ ಶಕ್ತಿ ಎಷ್ಟು ಎಂದು ಯಾರೂ ಕೇಳಲಿಲ್ಲ.

ಚಪ್ಪಾಳೆಯ ಮೇಲೆ ಬೆಲೆ

ಹದಿನೈದು ವರ್ಷ ಕಳೆದು ಅದೇ ನಾಟಕ ಮತ್ತೊಮ್ಮೆ ನಡೆಯಿತು. ಈ ಬಾರಿ ಎದುರಾಳಿ ಸೋನಿ. 2004ರ ನವೆಂಬರ್ 21ರಂದು ಅಮೆರಿಕದಲ್ಲಿ ನಿಂಟೆಂಡೊದ ಎರಡು ಪರದೆಗಳ 'ಡಿಎಸ್' 149.99 ಡಾಲರಿಗೆ ಬಂತು. ಸೋನಿಯ ಚೆಲುವೆ 'ಪಿಎಸ್‌ಪಿ' 2005ರ ಮಾರ್ಚಿನಲ್ಲಿ ಅಲ್ಲಿಗೆ ಕಾಲಿಟ್ಟದ್ದು 249.99 ಡಾಲರಿಗೆ. ನೂರು ಡಾಲರಿನ ಅಂತರ. ಪಿಎಸ್‌ಪಿ ಸೋತಿತೆಂದು ಹೇಳುವಂತಿಲ್ಲ, ಕೋಟಿಗಟ್ಟಲೆ ಮಾರಾಟವಾಯಿತು. ಆದರೆ ನಾಯಿಮರಿ ಸಾಕುವ 'ನಿಂಟೆಂಡಾಗ್ಸ್', ಮುದುಕರಿಗೂ ಹಿಡಿಸಿದ ಮಿದುಳಿನ ವ್ಯಾಯಾಮದ ಆಟಗಳು ಬಂದ ಮೇಲೆ ಡಿಎಸ್ ಓಡಿದ ಓಟವೇ ಬೇರೆ. ಅದರ ಒಟ್ಟು ಮಾರಾಟ 15 ಕೋಟಿ 40 ಲಕ್ಷ.

ಇಂಥ ಎರಡು ಗೆಲುವಿನ ಬಳಿಕ ಯಾರಿಗೆ ತಾನೇ ತಲೆ ತಿರುಗದು?

2010ರ ಜೂನ್ ತಿಂಗಳಲ್ಲಿ ಲಾಸ್ ಏಂಜಲಿಸ್‌ನ ವಿಡಿಯೊ ಗೇಮ್ ಮೇಳದಲ್ಲಿ ನಿಂಟೆಂಡೊ 3ಡಿಎಸ್ ಅನ್ನು ತೋರಿಸಿತು. ಕನ್ನಡಕ ಹಾಕದೆಯೇ ಚಿತ್ರಕ್ಕೆ ಆಳ ಕಾಣುವ ಪರದೆ. ಪಕ್ಕದ ಪುಟ್ಟ ಗುಂಡಿಯನ್ನು ಮೇಲಕ್ಕೆ ಸರಿಸಿದರೆ ಆಳ ಹೆಚ್ಚುತ್ತದೆ, ಕೆಳಕ್ಕೆ ಇಳಿಸಿದರೆ ಮಾಯ. 'ಅವತಾರ್' ಚಿತ್ರ ಬಂದು ಹೋಗಿ ಆರು ತಿಂಗಳಷ್ಟೇ ಆಗಿತ್ತು. ಜಗತ್ತಿಗೆ ಮೂರು ಆಯಾಮದ ಹುಚ್ಚು ಹಿಡಿದಿದ್ದ ಕಾಲ. ನೋಡಿದವರೆಲ್ಲ ಬೆರಗಾದರು, ಪತ್ರಕರ್ತರು ಹೊಗಳಿದರು. ಆ ಪ್ರತಿಕ್ರಿಯೆಗೂ ಬೆಲೆಯ ನಿರ್ಧಾರದಲ್ಲಿ ಪಾಲಿತ್ತೆಂದು ಇವಾಟಾ ಅವರೇ ಒಪ್ಪಿಕೊಂಡಿದ್ದಾರೆ. ಸೆಪ್ಟೆಂಬರ್ 29ರಂದು ಬೆಲೆ ಪ್ರಕಟವಾಯಿತು: 25 ಸಾವಿರ ಯೆನ್. ನಿಂಟೆಂಡೊ ತನ್ನ ಯಾವ ಕೈಯಂತ್ರಕ್ಕೂ ಅಲ್ಲಿಯವರೆಗೆ ಅಷ್ಟು ಬೆಲೆ ಇಟ್ಟಿರಲಿಲ್ಲ. ಡಿಎಸ್ ಹುಟ್ಟಿದ್ದು 15 ಸಾವಿರಕ್ಕೆ.

ಮೇಳದಲ್ಲಿ ನೋಡುವವನು ಬೇರೆ, ಅಂಗಡಿಯಲ್ಲಿ ಕೊಳ್ಳುವವನು ಬೇರೆ. ಮೇಳದಲ್ಲಿ ಹತ್ತು ನಿಮಿಷ ಬೆರಗಾದರೆ ಸಾಕು. ಮನೆಗೆ ತಂದ ಮೇಲೆ ಭಾನುವಾರ ಮಧ್ಯಾಹ್ನ ಕಳೆಯಬೇಕು. ಬೆರಗು ಹತ್ತು ನಿಮಿಷಕ್ಕೆ ಸರಿ, ಆಮೇಲೆ ಆಟ ಬೇಕು.

ಖಾಲಿ ಬಿಟ್ಟ ಜಾಗ

ಆಟ ಎಲ್ಲಿತ್ತು? ಜಪಾನಿನಲ್ಲಿ ಮೊದಲ ದಿನ ಎಂಟು ಆಟಗಳಿದ್ದವು. ನಿಂಟೆಂಡೊ ತಾನೇ ಪ್ರಕಟಿಸಿದ್ದು ಅವುಗಳಲ್ಲಿ ಒಂದು ಮಾತ್ರ, ಅದೂ ಹಳೆಯ ನಾಯಿಮರಿ ಆಟಕ್ಕೆ ಬೆಕ್ಕು ಸೇರಿಸಿದ್ದು. ಅಮೆರಿಕದ ಪಟ್ಟಿಯಲ್ಲಿ ಹದಿನೈದಕ್ಕೂ ಹೆಚ್ಚು ಹೆಸರುಗಳಿದ್ದವು. ಓದಲು ಪಟ್ಟಿ ಉದ್ದವೇ. ಕಾರ್ ರೇಸು, ಕುಸ್ತಿಯಂಥ ಹೊಡೆದಾಟ, ವಿಮಾನ ಹಾರಿಸುವುದು, ಜಲಾಂತರ್ಗಾಮಿ ನಡೆಸುವುದು. ಹೆಚ್ಚಿನವು ಬೇರೆ ಯಂತ್ರಗಳಲ್ಲಿ ಆಗಲೇ ಆಡಿದ್ದ ಆಟಗಳ ಹೊಸ ಅವತಾರ. ಮಾರಿಯೊ ಇಲ್ಲ. ಜೆಲ್ಡಾ ಇಲ್ಲ. ಪೊಕೆಮಾನ್ ಇಲ್ಲ. ಇದಕ್ಕಾಗಿಯೇ ಯಂತ್ರ ಕೊಂಡೆ ಎಂದು ಯಾರಾದರೂ ಬೆರಳು ಮಾಡಿ ತೋರಿಸುವಂಥ ಆಟ ಒಂದೂ ಇರಲಿಲ್ಲ.

ಹೊರಗಿನ ಕಂಪೆನಿಗಳದು ಯಾವಾಗಲೂ ಒಂದು ದೂರಿದೆ: ನಿಂಟೆಂಡೊದ ಯಂತ್ರದಲ್ಲಿ ನಿಂಟೆಂಡೊದ ಆಟ ಮಾತ್ರ ಓಡುತ್ತದೆ, ಮಾರಿಯೊನ ನೆರಳಲ್ಲಿ ಬೇರೆ ಗಿಡ ಬೆಳೆಯದು. ಈ ಬಾರಿ ಮೊದಲ ತಿಂಗಳುಗಳಲ್ಲಿ ಅವರಿಗೆ ಜಾಗವೇನೋ ಧಾರಾಳವಾಗಿ ಸಿಕ್ಕಿತು. ಆದರೆ ಬಾಳೆಲೆ ಹಾಕಿ ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನ ನೆಂಟರು ತರಲಿ ಎಂದು ಕಾದ ಮನೆಯಂತಾಯಿತು ಸ್ಥಿತಿ.

ಯಂತ್ರವೇ ಅರೆಬೆಂದಿತ್ತು ಎನ್ನುವುದು ಇನ್ನೊಂದು ಸಂಗತಿ. ಇಂಟರ್‌ನೆಟ್ ನೋಡುವ ಸೌಲಭ್ಯ, ಆಟಗಳನ್ನು ನೇರವಾಗಿ ಇಳಿಸಿಕೊಳ್ಳುವ 'ಇಶಾಪ್' ಎಂಬ ಅಂಗಡಿ, ಇವೆರಡೂ ಬಿಡುಗಡೆಯ ದಿನ ಸಿದ್ಧವಾಗಿರಲಿಲ್ಲ. ಜೂನ್ ತಿಂಗಳಲ್ಲಷ್ಟೇ ಬಂದವು. ಬ್ಯಾಟರಿ ಮೂರರಿಂದ ಐದು ಗಂಟೆ. ಯೊಕೊಯಿ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳು ಮೂರು ಆಯಾಮದ ಚಿತ್ರ ನೋಡಬಾರದು ಎಂಬ ಎಚ್ಚರಿಕೆ ಬೇರೆ. ಯಾವುದಕ್ಕೆ ಹೆಚ್ಚು ದುಡ್ಡು ಕೇಳುತ್ತಿದ್ದರೋ ಅದನ್ನೇ ಪುಟ್ಟ ಮಗು ನೋಡಬಾರದು ಎಂದರೆ ತಾಯಿ ಏನೆಂದುಕೊಳ್ಳಬೇಕು?

ಪಕ್ಕದಲ್ಲೇ ಇನ್ನಿಬ್ಬರು ಪ್ರತಿಸ್ಪರ್ಧಿಗಳಿದ್ದರು. ಒಬ್ಬ ಮನೆಯವನೇ. ಹಳೆಯ ಡಿಎಸ್ ಇನ್ನೂ ಅಂಗಡಿಗಳಲ್ಲಿತ್ತು, ಅರ್ಧದಷ್ಟು ಬೆಲೆಗೆ ಸಿಗುತ್ತಿತ್ತು, ಅದಕ್ಕೆ ಆಟಗಳ ರಾಶಿಯೇ ಇತ್ತು. ಇನ್ನೊಬ್ಬ ಜೇಬಿನಲ್ಲಿದ್ದ ಮೊಬೈಲ್ ಫೋನು. ಅದರಲ್ಲಿ ಸಿಟ್ಟಿನ ಹಕ್ಕಿಗಳನ್ನು ಕವಣೆಯಲ್ಲಿಟ್ಟು ಹಂದಿಗಳ ಮೇಲೆ ಬೀಸುವ ಆಟ ಒಂದು ಡಾಲರಿಗೂ ಒಂದು ಸೆಂಟ್ ಕಡಿಮೆಗೆ ಸಿಗುತ್ತಿದ್ದಾಗ, 3ಡಿಎಸ್‌ನ ಒಂದೊಂದು ಆಟಕ್ಕೆ ನಲವತ್ತು ಡಾಲರ್. ಬಿಡುಗಡೆಯ ಅದೇ ದಿನಗಳಲ್ಲಿ, 2011ರ ಮಾರ್ಚಿನಲ್ಲಿ, ಸಾನ್ ಫ್ರಾನ್ಸಿಸ್ಕೊದಲ್ಲಿ ಗೇಮ್ ತಯಾರಕರ ಸಮ್ಮೇಳನದಲ್ಲಿ ಮಾತಾಡಿದ ಇವಾಟಾ, ಫೋನುಗಳ ಈ ಅಗ್ಗದ ಆಟಗಳು ಆಟವೆಂಬ ವಸ್ತುವಿನ ಬೆಲೆಯನ್ನೇ ಕಳೆಯುತ್ತಿವೆ ಎಂದು ಕಳವಳಪಟ್ಟಿದ್ದರು. ಕಳವಳ ನ್ಯಾಯವಾದದ್ದೇ. ಆದರೆ ಉತ್ತರವಾಗಿ ತೋರಿಸಲು ಆಗ ಅವರ ಕೈಯಲ್ಲೂ ದೊಡ್ಡ ಆಟವಿರಲಿಲ್ಲ.

ಅಷ್ಟರಲ್ಲಿ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಭೂಕಂಪ, ಸುನಾಮಿ ಬಡಿಯಿತು. ಯಂತ್ರ ಅಂಗಡಿಗೆ ಬಂದು ಎರಡು ವಾರವಾಗಿತ್ತಷ್ಟೆ. ಆ ದಿನಗಳಲ್ಲಿ ಆ ದೇಶದಲ್ಲಿ ಆಟಿಕೆಯ ಮಾತಾಡುವ ಮನಸ್ಸು ಯಾರಿಗಿತ್ತು? ಆದರೆ ಎಲ್ಲವನ್ನೂ ಸುನಾಮಿಯ ಮೇಲೆ ಹಾಕುವಂತಿಲ್ಲ. ಅಮೆರಿಕ, ಯುರೋಪುಗಳಲ್ಲೂ ಪೆಟ್ಟಿಗೆಗಳು ಕಪಾಟಿನಲ್ಲೇ ಕುಳಿತಿದ್ದವು.

ಮಾರ್ಚ್ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ 36 ಲಕ್ಷ ಯಂತ್ರಗಳು ಹೋಗಿದ್ದವು. ಅಂದುಕೊಂಡಿದ್ದ 40 ಲಕ್ಷಕ್ಕೆ ಕೊಂಚ ಕಡಿಮೆ. ನಿಜವಾದ ಪೆಟ್ಟು ಆಮೇಲಿನದು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ, ಇಡೀ ಜಗತ್ತಿನಲ್ಲಿ, ಬರೀ 7 ಲಕ್ಷ 10 ಸಾವಿರ. ಆ ಹಣಕಾಸು ವರ್ಷಕ್ಕೆ ಕಂಪೆನಿ ಇಟ್ಟುಕೊಂಡಿದ್ದ ಗುರಿ 1 ಕೋಟಿ 60 ಲಕ್ಷ. ಡಾಲರಿನ ಎದುರು ಯೆನ್ ಏರುತ್ತಲೇ ಇದ್ದದ್ದೂ ಸೇರಿ ಆ ಮೂರು ತಿಂಗಳ ನಷ್ಟ 2,550 ಕೋಟಿ ಯೆನ್. ವರ್ಷದ ಲಾಭ 11 ಸಾವಿರ ಕೋಟಿ ಯೆನ್ ಆದೀತೆಂದು ಹೇಳಿದ್ದ ಕಂಪೆನಿ ಅದನ್ನು 2 ಸಾವಿರ ಕೋಟಿಗೆ ಇಳಿಸಿತು.

ಮೊದಲು ನಂಬಿದವರು

ಇಲ್ಲಿಂದ ಮುಂದೆ ಇವಾಟಾ ನಡೆದುಕೊಂಡ ರೀತಿ ಬರೀ ಲೆಕ್ಕಾಚಾರದ ಕಥೆಯಲ್ಲ. ಅವರು ಮೂಲತಃ ಗೇಮ್ ಬರೆಯುವ ಪ್ರೋಗ್ರಾಮರ್. ಎಚ್‌ಎಎಲ್ ಎಂಬ ಸಣ್ಣ ಕಂಪೆನಿಯಲ್ಲಿ (ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಗೂ ಅದಕ್ಕೂ ಸಂಬಂಧವಿಲ್ಲ) ಕೋಡ್ ಬರೆಯುತ್ತಾ ಬೆಳೆದು 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದವರು. ಹೊರಗಿನ ಕಂಪೆನಿಗಳು ಈಗಲೇ ಕೈಬಿಟ್ಟರೆ ಮುಂದೆ ಆಟಗಳೇ ಬಾರವು, ಆಟ ಬಾರದಿದ್ದರೆ ಯಂತ್ರ ಸತ್ತಂತೆಯೇ ಎಂಬುದು ಅವರಿಗೆ ಗೊತ್ತಿತ್ತು. ನಷ್ಟವಾದರೂ ಸರಿ, ಬೆಲೆ ಇಳಿಸಲೇಬೇಕು. ಹೊಸ ಬೆಲೆಗೆ ಮಾರಿದ ಪ್ರತಿ ಯಂತ್ರದ ಮೇಲೂ ಕಂಪೆನಿ ಕೈಯಿಂದ ದುಡ್ಡು ಹಾಕಬೇಕಾಗಿತ್ತು.

ಆದರೆ ಮೊದಲ ದಿನವೇ ಸಾಲಿನಲ್ಲಿ ನಿಂತು ಪೂರ್ತಿ ಬೆಲೆ ಕೊಟ್ಟವರಿಗೆ ಏನು ಹೇಳುವುದು? ಅವರು ಯಾವ ಕಂಪೆನಿಗೂ ಕಣ್ಣಿನ ಗುಡ್ಡೆಗಳಿದ್ದಂತೆ. ಆಟವಿಲ್ಲದಾಗಲೂ, ಮುಂದೆ ಬಂದೀತು ಎಂಬ ನಂಬಿಕೆಯ ಮೇಲೆ ದುಡ್ಡು ಕೊಟ್ಟವರು ಅವರು. ಅವರಿಗೇ ದಂಡ ಬಿದ್ದರೆ ಮುಂದಿನ ಯಂತ್ರವನ್ನು ಮೊದಲ ದಿನ ಕೊಳ್ಳುವವರು ಯಾರು? ಸ್ವಲ್ಪ ತಡೆಯಿರಿ, ಹೇಗೂ ಇಳಿಸುತ್ತಾರೆ ಎಂಬ ಮಾತು ಒಮ್ಮೆ ಜನರ ಬಾಯಿಗೆ ಬಿದ್ದರೆ ಸಾಕು, ಜ್ಯೇಷ್ಠದಲ್ಲಿ ಅಂಗಡಿ ತೆರೆಯುವ ಅಗತ್ಯವೇ ಇಲ್ಲ, ಆಷಾಢಕ್ಕೆ ಬಂದರಾಯಿತು.

ಇವಾಟಾ ಗ್ರಾಹಕರಿಗೆ ಒಂದು ಪತ್ರ ಬರೆದರು. ಬಿಡುಗಡೆಯಾಗಿ ಅರ್ಧ ವರ್ಷದೊಳಗೆ ಇಷ್ಟು ದೊಡ್ಡ ಇಳಿಕೆಯನ್ನು ಕಂಪೆನಿ ಹಿಂದೆಂದೂ ಮಾಡಿಲ್ಲವೆಂದೂ, ಮೊದಲು ಕೊಂಡವರಿಗೆ ಮೋಸಹೋದೆವು ಎನ್ನಿಸುವುದು ತಮಗೆ ಅರ್ಥವಾಗುತ್ತದೆಂದೂ ಅದರಲ್ಲಿ ಒಪ್ಪಿಕೊಂಡರು. ಗ್ರಾಹಕರ ಸಿಟ್ಟನ್ನು ಅವರಿಗಿಂತ ಮೊದಲೇ ತಾವೇ ಬಾಯಿಬಿಟ್ಟು ಹೇಳುವ ಅಧ್ಯಕ್ಷರು ಈ ವ್ಯಾಪಾರದಲ್ಲಿ ಅಪರೂಪ.

ಪತ್ರದ ಜೊತೆ ಪರಿಹಾರವೂ ಇತ್ತು. ಬೆಲೆ ಇಳಿಯುವ ಮುನ್ನ ತಮ್ಮ ಯಂತ್ರದಿಂದ ಒಮ್ಮೆ ಇಶಾಪ್‌ಗೆ ಹೋಗಿ ಬಂದವರೆಲ್ಲ 'ರಾಯಭಾರಿ'ಗಳು. ಅವರಿಗೆ ಇಪ್ಪತ್ತು ಆಟ ಉಚಿತ. ಹತ್ತು ಆಟ 1980ರ ದಶಕದ ಹಳೆಯ ಟಿ.ವಿ. ಯಂತ್ರದವು, ಮಾರಿಯೊ, ಜೆಲ್ಡಾ, ಮೆಟ್ರಾಯ್ಡ್ ಮುಂತಾದ ಹಿರಿಯರು. ಇನ್ನು ಹತ್ತು 'ಗೇಮ್ ಬಾಯ್ ಅಡ್ವಾನ್ಸ್' ಕಾಲದವು. ದುಡ್ಡು ವಾಪಸು ಕೊಡುವ ಬದಲು ಉಗ್ರಾಣದ ಹಳೆಯ ಸರಕು ಕೊಟ್ಟರು ಎಂದು ಗೊಣಗಿದವರೂ ಇದ್ದರು. ಕಂಪೆನಿಗೆ ಅದರಲ್ಲಿ ಖರ್ಚು ಕಡಿಮೆ ಎಂಬುದು ನಿಜವೇ. ಆದರೆ ತಮಾಷೆ ನೋಡಿ: ಆಟವಿಲ್ಲ ಎಂಬ ದೂರಿಗೆ ಕೊನೆಗೂ ಸಿಕ್ಕ ಪರಿಹಾರ ಆಟವೇ.

ಚಳಿಗಾಲದ ಬೆಳೆ

ಎಲ್ಲರೂ ಇಳಿಕೆಗೇ ಕಾದು ಕುಳಿತಿದ್ದರಿಂದ ಆಗಸ್ಟಿನ ಮೊದಲ ವಾರ ಜಪಾನಿನಲ್ಲಿ ಬಿಕರಿಯಾದ ಯಂತ್ರಗಳು ನಾಲ್ಕು ಸಾವಿರದಷ್ಟು ಮಾತ್ರ. ಬೆಲೆ ಇಳಿದ ವಾರ ಸುಮಾರು ಎರಡು ಲಕ್ಷ. ಬೆಲೆ ಬಾಗಿಲು ತೆರೆಯಿತು ಎನ್ನಬೇಕು. ಆದರೆ ಒಳಗೆ ಬಂದವರನ್ನು ಕೂರಿಸಿದ್ದು ಆಮೇಲೆ ಬಂದ ಆಟಗಳು. ನವೆಂಬರ್ 3ರಂದು ಜಪಾನಿನಲ್ಲಿ 'ಸೂಪರ್ ಮಾರಿಯೊ 3ಡಿ ಲ್ಯಾಂಡ್' ಬಂತು. ಡಿಸೆಂಬರ್ 1ರಂದು 'ಮಾರಿಯೊ ಕಾರ್ಟ್ 7'. ಮಾರ್ಚಿನಲ್ಲಿ ಇರಬೇಕಾಗಿದ್ದವು ಚಳಿಗಾಲಕ್ಕೆ ಬಂದವು ಅಷ್ಟೆ.

ಡಿಸೆಂಬರ್ 10ರಂದು ಬಂದ ಮೂರನೆಯ ಆಟ ನಿಂಟೆಂಡೊದ್ದಲ್ಲ, ಹೊರಗಿನವರದು. ಕ್ಯಾಪ್‌ಕಾಮ್ ಕಂಪೆನಿಯ 'ಮಾನ್‌ಸ್ಟರ್ ಹಂಟರ್'. ನಾಲ್ಕು ಗೆಳೆಯರು ಎದುರುಬದುರು ಕುಳಿತು ಸೇರಿ ದೈತ್ಯಪ್ರಾಣಿಯ ಬೇಟೆಯಾಡುವುದು. ಜಪಾನಿನಲ್ಲಿ ಸೋನಿಯ ಪಿಎಸ್‌ಪಿಯನ್ನು ವರ್ಷಗಳ ಕಾಲ ಹೊತ್ತು ಸಾಕಿದ್ದೇ ಈ ಆಟ. ಅದು ಎದುರುಮನೆಗೆ ಹೊರಟಿತು. ಸೋನಿ ತನ್ನ ಹೊಸ ಕೈಯಂತ್ರ 'ವೀಟಾ'ವನ್ನು ಬಿಡುಗಡೆ ಮಾಡಿದ್ದು ಸರಿಯಾಗಿ ಒಂದು ವಾರದ ಬಳಿಕ, ಡಿಸೆಂಬರ್ 17ರಂದು.

ವೀಟಾದ ಬೆಲೆ 24,980 ಯೆನ್. ಅಂದರೆ ನಿಂಟೆಂಡೊ ನಾಲ್ಕು ತಿಂಗಳ ಹಿಂದೆ ಕೈ ಸುಟ್ಟುಕೊಂಡು ಬಿಟ್ಟ ಬೆಲೆಗೆ ಇಪ್ಪತ್ತು ಯೆನ್ ಕಡಿಮೆ! ಯಂತ್ರ ಮಾತ್ರ ಅದ್ಭುತವಾಗಿತ್ತು. ಪರದೆಯ ಬಣ್ಣಗಳಿಗೆ ಇವತ್ತಿಗೂ ದೃಷ್ಟಿ ತೆಗೆಯಬೇಕು. ಮೊದಲ ದಿನದ ಆಟಗಳ ಪಟ್ಟಿಯೂ ಇಪ್ಪತ್ತು ದಾಟಿತ್ತು, 3ಡಿಎಸ್‌ನದಕ್ಕಿಂತ ಎಷ್ಟೋ ಉದ್ದ. ಆದರೆ ಪೆಟ್ಟಿಗೆ ಬಿಚ್ಚಿದವನಿಗೆ ಇನ್ನೊಂದು ಖರ್ಚು ಕಾದಿತ್ತು. ಆಟಗಳನ್ನು ಉಳಿಸಿಕೊಳ್ಳಲು ಸೋನಿಯೇ ಮಾಡಿದ ವಿಶೇಷ ಮೆಮೊರಿ ಕಾರ್ಡ್ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡ್ ನಡೆಯುತ್ತಿರಲಿಲ್ಲ. 32 ಜಿಬಿ ಕಾರ್ಡಿಗೆ ಅಮೆರಿಕದಲ್ಲಿ ನೂರು ಡಾಲರ್. ಲಿಂಕ್ಸ್‌ನ ಸೆಲ್ಲುಗಳ ಕಥೆ ಹೊಸ ವೇಷದಲ್ಲಿ ವಾಪಸು ಬಂದಿತ್ತು. ಮೊದಲ ವಾರ ಮೂರು ಲಕ್ಷಕ್ಕೂ ಹೆಚ್ಚು ಮಾರಾಟವಾದ ವೀಟಾ ಎರಡನೆಯ ವಾರ ಎಪ್ಪತ್ತು ಸಾವಿರದ ಆಸುಪಾಸಿಗೆ ಕುಸಿಯಿತು. ಮುಂದೆ ಸೋನಿ ಅದರ ಮಾರಾಟದ ಪ್ರತ್ಯೇಕ ಲೆಕ್ಕ ಕೊಡುವುದನ್ನೇ ನಿಲ್ಲಿಸಿತು. 2019ರಲ್ಲಿ ಜಪಾನಿನಲ್ಲಿ ಉತ್ಪಾದನೆಯೂ ನಿಂತಿತು.

ನಿಂಟೆಂಡೊ ಆ ಹಣಕಾಸು ವರ್ಷವನ್ನು 4,320 ಕೋಟಿ ಯೆನ್ ನಷ್ಟದಲ್ಲಿ ಮುಗಿಸಿತು. ಆದರೆ ಆ ಒಂದೇ ವರ್ಷದಲ್ಲಿ 1 ಕೋಟಿ 35 ಲಕ್ಷ 3ಡಿಎಸ್‌ಗಳು ಮನೆ ಸೇರಿದ್ದವು. ಒಟ್ಟು ಮಾರಾಟ ಕೊನೆಗೆ 7 ಕೋಟಿ 59 ಲಕ್ಷ ಮುಟ್ಟಿತು. ಡಿಎಸ್‌ನ ಅರ್ಧದಷ್ಟು. ಆದರೂ 2011ರ ಜುಲೈನಲ್ಲಿ ಯಾರೂ ನಂಬದಿದ್ದಷ್ಟು.

2013ರ ಅಕ್ಟೋಬರಿನಲ್ಲಿ ಕಂಪೆನಿ '2ಡಿಎಸ್' ಎಂಬ ಇನ್ನೊಂದು ಯಂತ್ರ ತಂದಿತು. ಮಡಚಲು ಕೀಲಿಲ್ಲ, ಮೂರನೆಯ ಆಯಾಮವೂ ಇಲ್ಲ. ಉಳಿದಂತೆ ಅದೇ ಆಟಗಳು. ಬೆಲೆ 129.99 ಡಾಲರ್. ಯಾವ ಬೆರಗಿಗಾಗಿ 250 ಡಾಲರ್ ಕೇಳಿದ್ದರೋ ಅದನ್ನು ಕಿತ್ತುಹಾಕಿಯೂ ಯಂತ್ರ ಮಾರಬಹುದು ಎಂದು ಎರಡೂವರೆ ವರ್ಷದಲ್ಲಿ ಅವರಿಗೇ ಗೊತ್ತಾಗಿತ್ತು. ಅದೇ ದಿನ ಅಂಗಡಿಗೆ ಬಂದ ಆಟ ಪೊಕೆಮಾನ್.

2017ರ ಮಾರ್ಚ್ 3ರಂದು 'ಸ್ವಿಚ್' ಬಂದಾಗ ಕಂಪೆನಿ ಪಾಠವನ್ನು ಕಂಠಪಾಠ ಮಾಡಿದಂತಿತ್ತು. ಬೆಲೆ 299.99 ಡಾಲರ್. ಆಟಗಳು ಬೆರಳೆಣಿಕೆಯಷ್ಟೇ, ಆದರೆ ಮೊದಲ ದಿನವೇ ಹೊಸ ಜೆಲ್ಡಾ. ಏಪ್ರಿಲ್‌ನಲ್ಲಿ ಮಾರಿಯೊ ಕಾರ್ಟ್, ಜುಲೈಯಲ್ಲಿ 'ಸ್ಪ್ಲಟೂನ್ 2', ಅಕ್ಟೋಬರಿನಲ್ಲಿ ಮಾರಿಯೊ. ಮಳೆ ನೋಡಿ ಬಿತ್ತಿದ ರೈತನ ಹಾಗೆ ಒಂದೊಂದೇ. ಇದನ್ನು ನೋಡಲು ಇವಾಟಾ ಇರಲಿಲ್ಲ. 2015ರ ಜುಲೈ 11ರಂದು, 55ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

2025ರ ಜೂನ್ 5ರಂದು ಬಂದ 'ಸ್ವಿಚ್ 2'ಕ್ಕೆ ಅಮೆರಿಕದಲ್ಲಿ 449.99 ಡಾಲರ್ ಇಟ್ಟಾಗ, ಅದರ ಮಾರಿಯೊ ಕಾರ್ಟ್ ಆಟಕ್ಕೇ ಎಂಬತ್ತು ಡಾಲರ್ ಎಂದಾಗ ಗೊಣಗಾಟ ಕಡಿಮೆಯೇನಿರಲಿಲ್ಲ. ಜಪಾನಿನಲ್ಲಿ ಮಾತ್ರ ಜಪಾನಿ ಭಾಷೆಯಲ್ಲಷ್ಟೇ ನಡೆಯುವ ಯಂತ್ರವನ್ನು 49,980 ಯೆನ್‌ಗೆ, ಎಲ್ಲ ಭಾಷೆಗಳದ್ದನ್ನು 69,980 ಯೆನ್‌ಗೆ ಮಾರಿದರು; ಅಗ್ಗದ ಯಂತ್ರ ಊರಿನ ಮಕ್ಕಳಿಗೆ ಸಿಗಲಿ, ವಿಮಾನ ಹತ್ತದಿರಲಿ ಎಂಬ ಉಪಾಯ. ಮೊದಲ ನಾಲ್ಕು ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷಕ್ಕೂ ಹೆಚ್ಚು ಹೋದವು. 3ಡಿಎಸ್ ತನ್ನ ಮೊದಲ ತಿಂಗಳಲ್ಲಿ ಮುಟ್ಟಿದ ಸಂಖ್ಯೆ ಅದು.

3ಡಿಎಸ್‌ನ ಉತ್ಪಾದನೆ 2020ರಲ್ಲಿ ನಿಂತಿತು. ಇಶಾಪ್‌ನಲ್ಲಿ ಹೊಸ ಆಟ ಕೊಳ್ಳುವುದಕ್ಕೆ 2023ರ ಮಾರ್ಚ್ 27ರಂದು ಬಾಗಿಲು ಹಾಕಿದರು. ಅಮೆರಿಕದಲ್ಲಿ ಯಂತ್ರ ಬಿಡುಗಡೆಯಾಗಿ ಅಂದಿಗೆ ಸರಿಯಾಗಿ ಹನ್ನೆರಡು ವರ್ಷ. ರಾಯಭಾರಿಗಳಿಗೆ ಕೊಟ್ಟ ಗೇಮ್ ಬಾಯ್ ಅಡ್ವಾನ್ಸ್ ಕಾಲದ ಆ ಹತ್ತು ಆಟಗಳನ್ನು ಆ ಹನ್ನೆರಡು ವರ್ಷದಲ್ಲಿ 3ಡಿಎಸ್‌ನಲ್ಲಿ ಬೇರೆ ಯಾರಿಗೂ, ಎಷ್ಟು ದುಡ್ಡು ಕೊಡುತ್ತೇನೆಂದರೂ, ಕಂಪೆನಿ ಮಾರಲಿಲ್ಲ.